ಓಡಿಹೋದ ಮೇಲಿನ ಕಥೆ

ಶ್ರೀಮಂತರ ಮನೆ ಹುಡುಗಿ, ಬಡವರ ಮನೆ ಹುಡುಗ. ಪ್ರೀತಿ, ಹೊಡೆದಾಟ, ಕೊನೆಗೆ ಇಬ್ಬರೂ ಊರು ಬಿಟ್ಟು ರೈಲು ಹತ್ತಿದರೆ ‘ಶುಭಂ’. ನಾವೂ ಟಿವಿ ಆಫ್ ಮಾಡಿ ಊಟಕ್ಕೆ ಏಳ್ತೀವಿ. ಆದರೆ 2016ರಲ್ಲಿ ಬಂದ ನಾಗರಾಜ್ ಮಂಜುಳೆಯವರ ಮರಾಠಿ ಸಿನಿಮಾ ‘ಸೈರಾಟ್’ ನಿಜವಾಗಿ ಶುರುವಾಗೋದೇ ಅಲ್ಲಿಂದ. (ಇನ್ನೂ ನೋಡಿಲ್ಲದವರು ನೋಡಿ ಬಂದು ಮುಂದೆ ಓದಿ. ಕೊನೆ ಹೇಳದೆ ಈ ಸಿನಿಮಾ ಬಗ್ಗೆ ಮಾತಾಡೋಕಾಗಲ್ಲ.)

ಮೊದಲರ್ಧ ನಡೆಯೋದು ಸೊಲ್ಲಾಪುರ ಸೀಮೆಯ ಹಳ್ಳಿಯಲ್ಲಿ. ಆರ್ಚಿ ಊರಿನ ದೊಡ್ಡ ಕುಳ ಪಾಟೀಲರ ಮಗಳು. ಬುಲೆಟ್ ಓಡಿಸ್ತಾಳೆ, ಟ್ರ್ಯಾಕ್ಟರ್ ಓಡಿಸ್ತಾಳೆ. ಪರ್ಶ್ಯಾ ಮೀನು ಹಿಡಿಯೋರ ಮಗ. ಓದಿನಲ್ಲೂ ಕ್ರಿಕೆಟ್‌ನಲ್ಲೂ ಮುಂದು. ಆರ್ಚಿಯ ಸಹೋದರ ಕ್ಲಾಸಲ್ಲೇ ದಲಿತ ಮೇಷ್ಟ್ರ ಕೆನ್ನೆಗೆ ಹೊಡೀತಾನೆ. ಆ ಊರಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದು ಆ ಒಂದೇ ಏಟಲ್ಲಿ ಗೊತ್ತಾಗುತ್ತೆ.

ಓಡಿ ಹೈದರಾಬಾದ್ ಸೇರಿದ ಮೇಲೆ ಹಾಡು ನಿಂತುಹೋಗುತ್ತೆ. ಕೊಳೆಗೇರಿಯ ಒಂದು ಕೋಣೆ. ಸುತ್ತಮುತ್ತ ತೆಲುಗು, ಇಬ್ಬರಿಗೂ ಬರಲ್ಲ. ಪರ್ಶ್ಯಾ ದೋಸೆ ಹುಯ್ಯೋಕೆ ನಿಲ್ತಾನೆ, ಆರ್ಚಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾಳೆ. ಆಮೇಲೆ ಅನುಮಾನ ಶುರು. ಇಷ್ಟು ದಿನ ನಮಗೆಲ್ಲ ಇಷ್ಟವಾಗಿದ್ದ ಹುಡುಗ ಅವಳ ಮೇಲೆ ಕೈ ಮಾಡ್ತಾನೆ. ಜಾತಿ ಮೀರಿದ ಮಾತ್ರಕ್ಕೆ ಗಂಡಸು ಒಳ್ಳೇವನಾಗಿಬಿಡಲ್ಲ ಅನ್ನೋದನ್ನ ಮಂಜುಳೆ ಮುಚ್ಚಿಡಲ್ಲ. ನನಗೆ ಈ ಸಿನಿಮಾ ಮೇಲೆ ನಂಬಿಕೆ ಬಂದಿದ್ದೇ ಇಲ್ಲಿ.

ಅವಳು ಬಿಟ್ಟು ಹೊರಟು, ಮತ್ತೆ ವಾಪಸ್ ಬರ್ತಾಳೆ. ಇಬ್ಬರೂ ನಿಧಾನಕ್ಕೆ ನೆಲೆ ನಿಲ್ತಾರೆ. ಮಗು, ಒಳ್ಳೆ ಮನೆ, ಸ್ಕೂಟರ್. ಆರ್ಚಿ ಅಮ್ಮನಿಗೆ ಫೋನ್ ಮಾಡ್ತಾಳೆ. ಒಂದು ದಿನ ಬಾಗಿಲಲ್ಲಿ ರಂಗೋಲಿ ಹಾಕ್ತಿರುವಾಗ ಸಹೋದರ ಉಡುಗೊರೆ ಹಿಡಿದು ಬರ್ತಾನೆ. ಅವಳು ಒಳಗೆ ಕರೆದು ಚಹಾ ಕೊಡ್ತಾಳೆ. ಆಮೇಲೆ ಪರದೆ ಮೇಲೆ ಶಬ್ದವೇ ಇಲ್ಲ. ಪಕ್ಕದ ಮನೆಯಿಂದ ವಾಪಸ್ ಬಂದ ಮಗುವಿನ ಪುಟ್ಟ ಹೆಜ್ಜೆಗಳಲ್ಲಿ ರಕ್ತ.

‘ಒಳ್ಳೆ ಕೆಲಸ ಸಿಗಲಿ, ಸೆಟ್ಲ್ ಆಗು, ಆಮೇಲೆ ಮನೆಯವರು ತಾವಾಗೇ ಒಪ್ಕೋತಾರೆ.’ ನಮ್ಮ ಆಫೀಸ್ ಕ್ಯಾಂಟೀನಲ್ಲಿ ಎಲ್ಲರೂ ಎಲ್ಲರಿಗೂ ಕೊಡೋ ಸಲಹೆ ಇದು. ಆದರೆ ಆರ್ಚಿ, ಪರ್ಶ್ಯಾ ಸೆಟ್ಲ್ ಆಗಿದ್ರು! ಕೊಳೆಗೇರಿಯಲ್ಲಿ ಒದ್ದಾಡ್ತಿದ್ದಾಗ ಬರದವರು, ಚೆನ್ನಾಗಿ ಬದುಕ್ತಿರುವಾಗ ಬಂದ್ರು. ಸಂಬಳದಿಂದ ಬಾಡಿಗೆ ಕಟ್ಟಬಹುದು, ಜಾತಿ ಅಳಿಸೋಕಾಗಲ್ಲ. ನಂಬಿಕೆ ಇಲ್ಲದಿದ್ರೆ ಯಾವುದಾದ್ರೂ ಮ್ಯಾಟ್ರಿಮೊನಿ ಆ್ಯಪ್ ತೆಗೀರಿ. ಅಲ್ಲಿ ಸಂಬಳಕ್ಕೂ ಫಿಲ್ಟರ್ ಇದೆ, ಜಾತಿಗೂ ಇದೆ. ಅದನ್ನ ಕೋಡ್ ಮಾಡಿದ್ದು ನಮ್ಮಂಥ ಎಂಜಿನಿಯರ್‌ಗಳೇ.

ಕನ್ನಡದಲ್ಲಿ ಇದೇ ಕಥೆ 2017ರಲ್ಲಿ ‘ಮನಸು ಮಲ್ಲಿಗೆ’ ಆಯ್ತು. ನಿರ್ದೇಶನ ಎಸ್. ನಾರಾಯಣ್, ನಾಯಕಿ ಅದೇ ರಿಂಕು ರಾಜಗುರು. 2018ರಲ್ಲಿ ಹಿಂದಿಯ ‘ಧಡಕ್’ ಕಥೆಯನ್ನ ಉದಯಪುರದ ಅರಮನೆಗಳಿಗೆ ಒಯ್ದು ಜಾತಿಯ ಮಾತನ್ನೇ ತೆಳ್ಳಗೆ ಮಾಡಿತು. ಹಾಗೆ ಮಾಡಿದ್ರೆ ಉಳಿಯೋದು ಬರೀ ಬಡವ–ಬಲ್ಲಿದನ ಲವ್ ಸ್ಟೋರಿ.

ಅದೇ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾಗೋಕೆ ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ. ಬೆದರಿಕೆ ಇದ್ದರೆ ಪೊಲೀಸರು ರಕ್ಷಣೆ ಕೊಡಬೇಕು. ನೆನಪಿಟ್ಟುಕೊಳ್ಳಿ, ಯಾರಿಗಾದ್ರೂ ಬೇಕಾಗಬಹುದು.

ನನ್ನ ಟೀಮಿನ ಗೆಳೆಯನೊಬ್ಬ ಹೀಗೇ ರಿಜಿಸ್ಟರ್ ಮದುವೆ ಆಗಿದ್ದಾನೆ. ಎರಡು ವರ್ಷದ ಮೇಲೆ ಮೊನ್ನೆ ಅವನ ಹೆಂಡತಿಗೆ ಅಮ್ಮನ ಫೋನ್ ಬಂತಂತೆ, ಮನೆಗೆ ಬರ್ತೀವಿ ಅಂತ. ಹುಡುಗಿ ಖುಷಿಯಲ್ಲಿ ಅತ್ತುಬಿಟ್ಟಳಂತೆ. ಖುಷಿ ನಿಜವೇ ಇರಬಹುದು, ಇರಲಿ. ಆದ್ರೂ ಭಾನುವಾರ ನಾವು ನಾಲ್ಕು ಜನ ಅವರ ಮನೆಗೆ ತಿಂಡಿಗೆ ಹೋಗ್ತಿದ್ದೀವಿ. ನೆಂಟರು ಚಹಾ ಕುಡಿದು ಹೊರಡೋವರೆಗೂ ಅಲ್ಲೇ ಇರ್ತೀವಿ.