ಪುಣೆ ಸೋವಿ ಊರೇ?

ಕಳೆದ ಜೂನ್‌ನಲ್ಲಿ ತಂಗಿಯ ಮಗ ಇಂಡಿಯಿಂದ ಫೋನ್ ಮಾಡಿದ. ಡಿಪ್ಲೊಮಾ ಮುಗಿದು ಒಂದು ವರ್ಷ ಮನೆಯಲ್ಲೇ ಕೂತಿದ್ದವನಿಗೆ ಒಂದೇ ವಾರದಲ್ಲಿ ಎರಡು ಕಡೆ ಟ್ರೇನಿ ಕೆಲಸ ಸಿಕ್ಕಿತ್ತು. ಒಂದು ಬೆಂಗಳೂರಿನ ಪೀಣ್ಯದಲ್ಲಿ, ಕೈಗೆ 22,000. ಇನ್ನೊಂದು ಪುಣೆ ಹತ್ತಿರದ ಚಾಕಣದಲ್ಲಿ, ಕೈಗೆ 19,000. "ಮಾಮಾ, ನೀವು ಪುಣೆದಾಗ ಇಷ್ಟು ವರ್ಷ ಇದ್ದೀರಿ. ಯಾವ ಊರು ಸೋವಿ ಬೀಳ್ತದ ಹೇಳ್ರಿ" ಅಂದ. ಹಿಂದಿನಿಂದ ತಂಗಿಯ ದನಿ ಕೇಳುತ್ತಿತ್ತು: "ತೊಗರಿ ಮಾರಿದ್ದು ನಲವತ್ತು ಸಾವಿರ ಉಳದದ, ಅಷ್ಟರಾಗ ಆಗ್ತದೇನು ಅಣ್ಣಾಗ ಕೇಳು."

ಮಗ ಕೇಳಿದ್ದು ತಿಂಗಳ ಖರ್ಚಿನ ಪ್ರಶ್ನೆ. ತಾಯಿ ಕೇಳಿಸಿದ್ದು ಮೊದಲ ದಿನದ ಪ್ರಶ್ನೆ. ದೊಡ್ಡ ಊರಿಗೆ ಹೊಸದಾಗಿ ಹೋಗುವವರ ವಿಷಯದಲ್ಲಿ ನಾವು ಸಾಮಾನ್ಯವಾಗಿ ಚರ್ಚಿಸುವುದು ಮೊದಲನೆಯದನ್ನು: ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ಕೊನೆಗೆ ಉಳಿಯುವುದು ಎಷ್ಟು. ಆದರೆ ಕೈಯಲ್ಲಿ ಕಡಿಮೆ ದುಡ್ಡು ಇರುವವನನ್ನು ಊರು ತಡೆಯುವುದು ತಿಂಗಳ ಕೊನೆಯಲ್ಲಿ ಅಲ್ಲ, ಬಾಗಿಲಲ್ಲಿ. ತಂಗಿ ಹೊಲದ ಲೆಕ್ಕ ಇಟ್ಟವಳು. ಬಿತ್ತನೆಗೆ ಮೊದಲು ಕೈಯಲ್ಲಿ ಎಷ್ಟಿರಬೇಕು ಎಂಬುದು ಅವಳಿಗೆ ಗೊತ್ತು.

ನಾನು ಪುಣೆಗೆ ಬಂದದ್ದು 1998ರಲ್ಲಿ, ವಿಜಾಪುರದಿಂದ ರಾತ್ರಿ ಹೊರಡುವ ಬಸ್ಸಿನಲ್ಲಿ. ನಸುಕಿನಲ್ಲಿ ಸ್ವಾರಗೇಟಿನಲ್ಲಿ ಇಳಿದಾಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ನಮ್ಮೂರಿನವನೊಬ್ಬನ ವಿಳಾಸ. ಸಂಜೆಯೊಳಗೆ ನಾರಾಯಣ ಪೇಠೆಯ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ನನಗೊಂದು ಕಾಟು ಸಿಕ್ಕಿತ್ತು. ಪುಣೆಯಲ್ಲಿ ಇದಕ್ಕೆ 'ಕಾಟ್ ಬೇಸಿಸ್' ಅನ್ನುತ್ತಾರೆ. ಖೋಲಿ ಬಾಡಿಗೆಗೆ ಸಿಗುವುದಿಲ್ಲ, ಖೋಲಿಯೊಳಗಿನ ಒಂದು ಮಂಚ ಸಿಗುತ್ತದೆ. ನಾಲ್ಕು ಮಂಚ, ನಾಲ್ಕು ಜನ, ಒಂದು ಬಲ್ಬು. ಗೋಡೆಯ ಮೇಲೆ ಮಾಲಕರು ಸ್ವಹಸ್ತದಿಂದ ಬರೆದ ಸೂಚನೆಗಳು: ಹತ್ತರ ನಂತರ ದೀಪ ಬೇಡ, ಅತಿಥಿ ಬೇಡ, ಬಟ್ಟೆಯನ್ನು ಕಟಾಂಜನದ ಮೇಲೆ ಒಣಹಾಕಬೇಡಿ. (ಪುಣೇರಿ ಪಾಟಿಗಳನ್ನು ಈಗ ಜನ ತಮಾಷೆಗೆ ಹಂಚಿಕೊಳ್ಳುತ್ತಾರೆ. ಅವುಗಳ ಕೆಳಗೆ ಮಲಗಿದವರಿಗೆ ಅಷ್ಟು ನಗು ಬರುವುದಿಲ್ಲ.) ಊಟ ಎರಡು ಓಣಿ ಆಚೆಯ ಮೆಸ್ಸಿನಲ್ಲಿ. ಭಾನುವಾರ ಮಧ್ಯಾಹ್ನ ಸಿಹಿಯೂಟ, ರಾತ್ರಿ ಮೆಸ್ ಬಂದ್. ಆ ರಾತ್ರಿಗಾಗಿ ಮಧ್ಯಾಹ್ನವೇ ಎರಡು ಚಪಾತಿ ಹೆಚ್ಚು ತಿನ್ನುವುದು ರೂಢಿ.

ಹೀಗೆ ಮಂಚ ಮಂಚ, ತಟ್ಟೆ ತಟ್ಟೆ ಲೆಕ್ಕದಲ್ಲಿ ಬಿಡಿಯಾಗಿ ಮಾರುವ ವಿದ್ಯೆ ಪುಣೆಗೆ ಹಳೆಯದು. ಇದು ಹೊರಗಿನಿಂದ ಓದಲು ಬಂದವರ ಊರು. ನಮ್ಮ ಬೇಂದ್ರೆಯವರು ಬಿ.ಎ. ಮುಗಿಸಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಧಾರವಾಡದ ಕಡೆ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರಲ್ಲ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಅದೇ ಪದ್ಧತಿ ಇಲ್ಲಿಯೂ ಇತ್ತು. ಮನೆ ಮನೆಗೆ ಹೋಗಿ ಬೇಡಿ ತರುವ ಅನ್ನಕ್ಕೆ ಮಧುಕರಿ ಎಂಬ ಚೆಂದದ ಹೆಸರು. ಆ ಬಾಗಿಲುಗಳು ಬಹುತೇಕ ಬ್ರಾಹ್ಮಣ ಹುಡುಗರಿಗೆ ಮಾತ್ರ ತೆರೆಯುತ್ತಿದ್ದವು ಎಂಬುದನ್ನೂ ಹೇಳಬೇಕು. ಮುಂದೆ 1909ರಲ್ಲಿ ಅನಾಥ ವಿದ್ಯಾರ್ಥಿ ಗೃಹ ಬಂತು, 1955ರಲ್ಲಿ ಹಳ್ಳಿ ಹುಡುಗರಿಗೆ ವಸತಿ ಕೊಡುವ ವಿದ್ಯಾರ್ಥಿ ಸಾಹಾಯ್ಯಕ ಸಮಿತಿ ಬಂತು. ಈಗ ಸದಾಶಿವ ಪೇಠೆ, ನಾರಾಯಣ ಪೇಠೆಗಳ ಮಂಚಗಳ ಮೇಲೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಮರಾಠವಾಡ, ವಿದರ್ಭದ ಹುಡುಗರಿದ್ದಾರೆ. ಮಂಚ ಅದೇ, ಪುಸ್ತಕ ಬೇರೆ.

ಬೆಂಗಳೂರಿನಲ್ಲಿ ಪೀಜಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬೇಕಾದಷ್ಟು ಇದೆ. ಮಂಚದ ಮಟ್ಟದಲ್ಲಿ ಎರಡೂ ಊರಿನ ಖರ್ಚಿನಲ್ಲಿ ದೊಡ್ಡ ಅಂತರವನ್ನು ನಾನು ಕಂಡಿಲ್ಲ. ಅಂತರ ಬರುವುದು ಮಂಚದಿಂದ ಎದ್ದು ಒಂದು ಬಾಗಿಲು ಬೇಕು ಅಂದಾಗ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಈಗ ಸಡಿಲಾಗಿದೆ ಅನ್ನುತ್ತಾರೆ, ಆದರೂ ಐದಾರು ತಿಂಗಳಿನದನ್ನು ಕೇಳುವವರು ಇದ್ದೇ ಇದ್ದಾರೆ. ಪುಣೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳದ್ದು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ. ಆದರೆ ಅದು ರಾಜ್ಯಗಳು ಒಪ್ಪಿದರೆ ಮಾತ್ರ ಕಾಯ್ದೆ, ಇಲ್ಲದಿದ್ದರೆ ಸಲಹೆ.

ನಮ್ಮ ಹುಡುಗನ ಲೆಕ್ಕ ನೋಡಿ. 10,000 ಬಾಡಿಗೆಯ ಖೋಲಿಗೆ ಆರು ತಿಂಗಳ ಅಡ್ವಾನ್ಸ್ ಅಂದರೆ 60,000. ಮೊದಲ ತಿಂಗಳ ಬಾಡಿಗೆ, ದಲಾಲಿ, ಸಂಬಳ ಬರುವವರೆಗಿನ ಊಟ ಸೇರಿಸಿದರೆ ತೊಗರಿಯ ನಲವತ್ತರ ಜೊತೆಗೆ ಇನ್ನೂ ಐವತ್ತು ಸಾವಿರ ಬೇಕು. ಊರಲ್ಲಿ ಕೈಗಡ ಸಿಗುವುದು ತಿಂಗಳಿಗೆ ನೂರಕ್ಕೆ ಮೂರರಂತೆ. ಅಂದರೆ ಬೆಂಗಳೂರು ಹೆಚ್ಚಿಗೆ ಕೊಡುವ 3,000ದಲ್ಲಿ 1,500 ಬಡ್ಡಿಗೇ ಹೋಯಿತು, ಅಸಲು ಹಾಗೇ ನಿಂತಿತು. ಉಳಿದದ್ದು ಬಾಡಿಗೆಯ ವ್ಯತ್ಯಾಸದಲ್ಲಿ, ಊರಿಗೆ ಹೋಗಿಬರುವ ಬಸ್ಸಿನಲ್ಲಿ ಕರಗುತ್ತದೆ. ವಿಜಾಪುರದಿಂದ ಪುಣೆ ಸುಮಾರು 350 ಕಿ.ಮೀ., ಬೆಂಗಳೂರು ಐನೂರಕ್ಕೂ ಹೆಚ್ಚು. ಅಡ್ವಾನ್ಸ್ ವಾಪಸ್ ಬರುತ್ತದೆಯಲ್ಲ ಅಂತ ಉಳ್ಳವರು ಹೇಳುತ್ತಾರೆ. ಬರುತ್ತದೆ, ಪೇಂಟಿಂಗ್ ಖರ್ಚು ಹಿಡಿದುಕೊಂಡು. ಬಡ್ಡಿ ಮಾತ್ರ ಬರುವುದಿಲ್ಲ.

ಹಾಗಾದರೆ ಪುಣೆಯೇ ಸರಿ ಎಂದು ಅವನಿಗೆ ಅಲ್ಲೇ ಹೇಳಿ ಫೋನ್ ಇಡಬಹುದಿತ್ತು. ಇಡಲಿಲ್ಲ. ಯಾಕೆಂದರೆ ಈ ಊರು ಬಾಗಿಲಲ್ಲಿ ಬಿಟ್ಟದ್ದನ್ನು ಬೇರೆ ಎರಡು ಕಡೆ ವಸೂಲು ಮಾಡುತ್ತದೆ.

ಒಂದು, ರಸ್ತೆ. ಸೋವಿ ಮಂಚಗಳಿರುವುದು ಊರ ನಡುವಿನ ಪೇಠೆಗಳಲ್ಲಿ. ಕೆಲಸ ಇರುವುದು ಊರ ಹೊರಗೆ. ಹಿಂಜವಡಿ ಇಪ್ಪತ್ತು ಕಿ.ಮೀ. ಹತ್ತಿರ, ಚಾಕಣ ಮೂವತ್ತಕ್ಕೂ ಮೇಲೆ, ರಾಂಜಣಗಾಂವ ಇನ್ನೂ ದೂರ. ದೇಶದಲ್ಲೇ ಮೊದಲು, 2006ರಲ್ಲಿ, ಬಸ್ಸಿಗೆ ಪ್ರತ್ಯೇಕ ಓಣಿ ಮಾಡಿದ ಊರಿದು. ಮರುವರ್ಷ ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಎರಡು ಬಸ್ ಸಂಸ್ಥೆಗಳನ್ನು ಕೂಡಿಸಿ ಪಿಎಂಪಿಎಂಎಲ್ ಮಾಡಿದರು. 2022ರಲ್ಲಿ ಮೆಟ್ರೊ ಬಂತು. ಇಷ್ಟಾದರೂ ಹೊಸದಾಗಿ ಬಂದ ಹುಡುಗ ಮೂರನೆಯ ತಿಂಗಳಿಗೆ ಮಾಡುವ ಮೊದಲ ಕೆಲಸ ಕಂತಿನ ಮೇಲೆ ಗಾಡಿ ಕೊಳ್ಳುವುದು. ಶಿಫ್ಟಿನ ಹೊತ್ತಿಗೆ ಬಸ್ಸನ್ನು ನಂಬಿದವನಿಗೆ ಅರ್ಧ ದಿನದ ಸಂಬಳ ಕಟ್ಟಾಗುತ್ತದೆ. ಕಂತು ಮತ್ತು ಪೆಟ್ರೋಲು ಕೂಡಿಸಿದರೆ ಇನ್ನೊಂದು ಬಾಡಿಗೆ ಆಯಿತು. ನಾಶಿಕ ರಸ್ತೆಯ ಮೋಶಿಯಲ್ಲಿ ಸಂಜೆ ಲಾರಿಗಳ ನಡುವೆ ಸಿಕ್ಕಿಬಿದ್ದವರನ್ನು ಕೇಳಿ, ಪುಣೆ ಸೋವಿಯೋ ತುಟ್ಟಿಯೋ ಅಂತ. ಅದಕ್ಕೇ ಹುಡುಗನಿಗೆ ನಾನು ಕೊಟ್ಟ ಮೊದಲ ಮಾತು: ನನ್ನಂತೆ ಪೇಠೆಯ ಮಂಚದ ಆಸೆಗೆ ಬೀಳಬೇಡ, ನಡೆದು ಹೋಗುವಷ್ಟು ದೂರದಲ್ಲಿ ಖೋಲಿ ನೋಡು. ಚಾಕಣದ ಸುತ್ತ ಹೊಲದ ಮಾಲಕರು ಸಾಲಾಗಿ ಹತ್ತು ಖೋಲಿ ಕಟ್ಟಿಸಿ ಬಾಡಿಗೆಗೆ ಬಿಡುತ್ತಾರೆ. ತಗಡಿನ ಮೇಲ್ಛಾವಣಿ, ಟ್ಯಾಂಕರ್ ನೀರು, ಚೆಂದ ಏನೂ ಇಲ್ಲ. ಆದರೆ ಮೂವರು ಸೇರಿ ಹಿಡಿದರೆ ಒಬ್ಬನಿಗೆ ಬೀಳುವುದು ಮಂಚದ ಬಾಡಿಗೆಯಷ್ಟೇ.

ಎರಡನೆಯದು ಕಾಗದ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ನಾರಾಯಣ ಪೇಠೆಯಲ್ಲಿ ಎರಡು ವರ್ಷ ತಪ್ಪದೆ ಬಾಡಿಗೆ ಕೊಟ್ಟೆ. ರಸೀದಿ ಇಲ್ಲ, ಕರಾರು ಇಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ ವಿಳಾಸದ ದಾಖಲೆ ಕೇಳಿದರು. ಮಾಲಕರನ್ನು ಕೇಳಿದರೆ "ನೀನು ನಮ್ಮ ಬಾಡಿಗೆದಾರ ಅಲ್ಲ, ಇರುವ ಹುಡುಗ" ಅಂದರು. ಗ್ಯಾಸ್ ಇಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಒಂದು ಮೇ ತಿಂಗಳು ಮಾಲಕರ ಅಳಿಯ ಬರುತ್ತಾನೆಂದು ನಾಲ್ಕು ದಿನದ ಗಡುವಿನಲ್ಲಿ ನಾಲ್ವರನ್ನೂ ಎಬ್ಬಿಸಿದರು. ಡಿಪಾಸಿಟ್ಟಿನಲ್ಲಿ ಅರ್ಧ ಬಂತು. ಕೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಆ ಮಾಲಕರನ್ನು ಬೈಯುವುದು ಸುಲಭ, ಆದರೆ ಅವರ ಭಯಕ್ಕೂ ಒಂದು ಚರಿತ್ರೆ ಇದೆ. ಮುಂಬಯಿ ಪ್ರಾಂತದ 1947ರ ಬಾಡಿಗೆ ಕಾಯ್ದೆ (ಆಗ ನಮ್ಮ ವಿಜಾಪುರ, ಧಾರವಾಡ, ಬೆಳಗಾವಿಯೂ ಅದೇ ಪ್ರಾಂತದಲ್ಲಿದ್ದವು) ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ತಾತ್ಕಾಲಿಕ ಎಂದು ಬಂದದ್ದು ಅರ್ಧ ಶತಮಾನ ಎಳೆಯಿತು. ವಾಡೆಗಳ ಮಾಲಕರು ರಿಪೇರಿಗೂ ಸಾಲದ ಬಾಡಿಗೆ ಎಣಿಸುತ್ತ ಕೂತರು, ಗೋಡೆಗಳು ಉದುರಿದವು. ಉಪಾಯವಾಗಿ ಬಾಡಿಗೆ ಅನ್ನದೆ 'ಲೀವ್ ಅಂಡ್ ಲೈಸೆನ್ಸ್' ಎಂದು ಬರೆದುಕೊಡತೊಡಗಿದರೆ, 1973ರ ತಿದ್ದುಪಡಿ ಆ ವರ್ಷದ ಫೆಬ್ರವರಿ 1ರಂದು ಹಾಗೆ ವಾಸವಿದ್ದವರನ್ನೂ ಬಾಡಿಗೆದಾರರೆಂದೇ ಘೋಷಿಸಿತು. ಕಾಗದ ಬರೆದುಕೊಟ್ಟವನು ಮನೆ ಕಳೆದುಕೊಳ್ಳುತ್ತಾನೆ ಎಂಬ ಮಾತು ಪೇಠೆಗಳಲ್ಲಿ ಗಟ್ಟಿಯಾಗಿ ಕೂತಿತು.

ಆದರೆ ಆ ಕಾಯ್ದೆ ಹೋಗಿ ಕಾಲು ಶತಮಾನವಾಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಗೆ ಬಂತು. ಅದರ 55ನೇ ಕಲಮು ಏನು ಹೇಳುತ್ತದೆ ಎಂದರೆ, ಬಾಡಿಗೆ ಕರಾರು ಲಿಖಿತವಾಗಿರಬೇಕು, ನೋಂದಣಿ ಆಗಲೇಬೇಕು, ಮತ್ತು ನೋಂದಣಿ ಮಾಡಿಸುವ ಹೊಣೆ ಮಾಲಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೂ ಮುಖ್ಯವಾದದ್ದು, ನೋಂದಣಿ ಇಲ್ಲದೆ ತಂಟೆ ಎದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ ಮಾತೇ ನಿಲ್ಲುತ್ತದೆ, ಸುಳ್ಳೆಂದು ಮಾಲಕ ಸಾಬೀತು ಮಾಡುವವರೆಗೆ. ಕರ್ನಾಟಕದಲ್ಲಿ ನಾವು ಹನ್ನೊಂದು ತಿಂಗಳ ಕರಾರು ಬರೆಯುವುದೇ ನೋಂದಣಿ ತಪ್ಪಿಸಲಿಕ್ಕೆ. ಇಲ್ಲಿ ಹನ್ನೊಂದಾದರೂ ಆರಾದರೂ ತಪ್ಪುವಂತಿಲ್ಲ. ಹೊಸದಾಗಿ ಬಂದವನಿಗೆ ಇದಕ್ಕಿಂತ ಅನುಕೂಲದ ಕಾಯ್ದೆ ನಾನು ಕಂಡಿಲ್ಲ. ಮಾಲಕನಿಗೂ ಇದು ರಕ್ಷೆಯೇ: ಅವಧಿ ಮುಗಿದರೂ ಬಿಡದವನು ಎರಡು ಪಟ್ಟು ಬಾಡಿಗೆ ಕೊಡಬೇಕೆಂದು 24ನೇ ಕಲಮು ಹೇಳುತ್ತದೆ.

ಖರ್ಚೂ ದೊಡ್ಡದಲ್ಲ. ತಿಂಗಳಿಗೆ 9,000ದಂತೆ ಹನ್ನೊಂದು ತಿಂಗಳ ಕರಾರಿಗೆ ಮುದ್ರಾಂಕ ಶುಲ್ಕ ಶೇ. 0.25, ಅಂದರೆ ಮುನ್ನೂರರ ಆಸುಪಾಸು. ನಗರದಲ್ಲಿ ನೋಂದಣಿ ಶುಲ್ಕ 1,000. ಮನೆಯಲ್ಲೇ ಕೂತು ಆನ್‌ಲೈನ್ ಮಾಡಬಹುದು, ಏಜೆಂಟ್ ಬಂದರೆ ಅವನ ಕೂಲಿ ಬೇರೆ. ಇಷ್ಟಕ್ಕೆ ಹೆದರಿ, ಅಥವಾ 1973ರ ನೆನಪಿಗೆ ಹೆದರಿ, ಇಂದಿಗೂ ಮಂಚ ಮತ್ತು ತಗಡಿನ ಖೋಲಿಗಳ ವ್ಯವಹಾರ ಬಾಯಿಮಾತಿನಲ್ಲೇ ನಡೆಯುತ್ತದೆ. ಐಟಿ ಕೆಲಸದವರ ಫ್ಲಾಟುಗಳಿಗೆ ಕರಾರು ಇದೆ. ಯಾರಿಗೆ ಹೆಚ್ಚು ಬೇಕೋ ಅವರಿಗಿಲ್ಲ. ಪುಣೆ ಬಡವರಿಗೆ ಹೊಂದುವ ಊರು ಎಂದು ಹೊಗಳುವವರ ಜೊತೆ ನನ್ನ ತಕರಾರು ಇಲ್ಲಿಯೇ. ಇದು ಅವರಿಂದ ಬಾಡಿಗೆ ತೆಗೆದುಕೊಳ್ಳುತ್ತದೆ, ಬಾಡಿಗೆದಾರರೆಂದು ಒಪ್ಪುವುದಿಲ್ಲ.

ಅದರಲ್ಲೂ ಎಲ್ಲರಿಗೂ ಒಂದೇ ದರ ಇಲ್ಲ. ಖೋಲಿ ನೋಡಲು ಹೋದರೆ ಮೊದಲ ಪ್ರಶ್ನೆ ಸಂಬಳದ್ದಲ್ಲ, "ಆಡನಾವ ಕಾಯ?", ಅಡ್ಡಹೆಸರೇನು. ನಮ್ಮ ಕಡೆಯ ಅಡ್ಡಹೆಸರುಗಳು ಇಲ್ಲಿನವರಿಗೆ ಅರ್ಧ ಅರ್ಥವಾಗುತ್ತವೆ, ಹಾಗಾಗಿ ಎರಡನೆಯ ಪ್ರಶ್ನೆ ಬರುತ್ತದೆ: ಮಾಂಸ ತಿನ್ನುತ್ತೀರಾ? ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಲಬುರ್ಗಿಯ ಮುಸ್ಲಿಂ ಗೆಳೆಯ ನಾನು ಒಂದೇ ಸಂಜೆಯಲ್ಲಿ ಪಡೆದ ಮಂಚಕ್ಕಾಗಿ ಐದು ವಾರ ಅಲೆದ, ಕೊನೆಗೆ ಕೊಂಢವಾದಲ್ಲಿ ಹೆಚ್ಚಿನ ಬಾಡಿಗೆಗೆ ಹಿಡಿದ. ಹೆಣ್ಣುಮಕ್ಕಳಿಗೆ ಪೇಠೆಯ ಮಾಳಿಗೆಯ ಮಂಚ ಎಂದೂ ಇರಲಿಲ್ಲ. ಮಹರ್ಷಿ ಕರ್ವೆ ವಿಧವೆಯರ ಆಶ್ರಮವನ್ನು 1900ರಲ್ಲಿ ಊರ ಹೊರಗಿನ ಹಿಂಗಣೆಗೆ ಒಯ್ದರು. ಈಗ ಆ ಜಾಗ ಊರ ನಡುವೆ ಬಂದಿದೆ. ಹಾಸ್ಟೆಲುಗಳು ಹೆಚ್ಚಿವೆ, ಆದರೆ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಗೆ ಗೇಟು ತೆರೆಯುವ ಕಡೆ ಹೆಚ್ಚು ತೆರಬೇಕು.

ಕಟ್ಟಡ ಕೆಲಸಕ್ಕೆ ಬರುವ ನಮ್ಮ ವಿಜಾಪುರ, ಕಲಬುರ್ಗಿ, ಯಾದಗಿರಿಯವರು ಈ ಲೆಕ್ಕದಲ್ಲೇ ಇಲ್ಲ. ಅವರ ಬಾಡಿಗೆ ಎಷ್ಟೋ ಸಲ ಸೊನ್ನೆ. ಸೈಟಿನ ಪಕ್ಕದಲ್ಲೇ ತಗಡಿನ ಶೆಡ್ಡು. 2019ರ ಜೂನ್ 29ರ ನಸುಕಿನಲ್ಲಿ ಕೊಂಢವಾದಲ್ಲಿ ಮಳೆಗೆ ಕಂಪೌಂಡ್ ಗೋಡೆ ಇಂಥ ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು, ಮಕ್ಕಳೂ ಸೇರಿ. ಹೆಚ್ಚಿನವರು ಬಿಹಾರದವರು. ಆ ಮುಂಜಾನೆ ಊರಿನಿಂದ ನನಗೆ ಹನ್ನೊಂದು ಫೋನ್ ಬಂದಿದ್ದವು, ನಮ್ಮವರು ಯಾರಾದರೂ ಇದ್ದಾರೇನು ಎಂದು.

ಇಷ್ಟೆಲ್ಲ ಹೇಳಿಯೂ ಹುಡುಗನಿಗೆ ಪುಣೆಗೇ ಬಾ ಅಂದೆ. ಕಾರಣ ನಲವತ್ತು ಸಾವಿರ. ಸಾಲ ಇಲ್ಲದೆ ಒಳಗೆ ಬಂದವನು ಒಂದು ಕೆಲಸ ಸರಿಹೋಗದಿದ್ದರೆ ಬಿಟ್ಟು ಇನ್ನೊಂದು ಹುಡುಕಬಹುದು. ಬಡ್ಡಿ ಹೊತ್ತು ಬಂದವನು ಹೇಳಿದ ಪಾಳಿ ಮಾಡಬೇಕು. ಎರಡು ಮೂರು ವರ್ಷದ ನಂತರ, ಮದುವೆಯಾಗಿ ಮನೆ ಬೇಕು ಅನ್ನುವಾಗ, ಬೆಂಗಳೂರಿನ ಹೆಚ್ಚಿನ ಸಂಬಳಕ್ಕೆ ಹೋಗುವುದಿದ್ದರೆ ಹೋಗಲಿ. ಆದರೆ ಒಂದು ಷರತ್ತು ಹಾಕಿದೆ: ಕಾಗದ ಇಲ್ಲದೆ ಖೋಲಿಗೆ ಕಾಲಿಡಬೇಡ.

ಬಂದ. ಇಬ್ಬರು ಗೆಳೆಯರ ಜೊತೆ ಕಂಪನಿಯಿಂದ ಇಪ್ಪತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಒಂದು ಖೋಲಿ ನೋಡಿದ. ಮಾಲಕ ಒಳ್ಳೆಯ ಮನುಷ್ಯ, ಕರಾರಿನ ಮಾತು ಬಂದಾಗ ಮಾತ್ರ "ಕಶಾಲಾ?" ಅಂದನಂತೆ, ಯಾತಕ್ಕೆ ಅಂತ. ಹುಡುಗ ಮೊಬೈಲಿನಲ್ಲಿ 55ನೇ ಕಲಮನ್ನು ಮರಾಠಿಯಲ್ಲಿ ತೆಗೆದು ತೋರಿಸಿದ. 24ನೇದನ್ನೂ ತೋರಿಸಿದ. ಮಾಲಕ ಮಗನನ್ನು ಕರೆದು ಓದಿಸಿ, ಎರಡು ದಿನ ಬಿಟ್ಟು ಒಪ್ಪಿದ, ಆದರೆ ಖರ್ಚಿನಲ್ಲಿ ಅರ್ಧ ಇವರು ಕೊಡಬೇಕೆಂದ.

"ಮಾಮಾ, ಮೂವರ ಪಾಲಿಗೆ ತಲಾ ಇನ್ನೂರ ಇಪ್ಪತ್ತು ಬರ್ತದ. ಕಾಯ್ದೆ ಪ್ರಕಾರ ಹೊಣಿ ಅವರದ ಅಲ್ರೀ? ಕೊಡಬೇಕೇನು?"

"ಕೊಡಪಾ," ಅಂದೆ. "ಇವತ್ತೇ ಕೊಡು."