ಸಾಲ ವಿದ್ಯಾರ್ಥಿಯದು, ಲೆಕ್ಕ ಸೆನೆಟ್‌ನದು

ನಮ್ಮಲ್ಲಿ ಸಾಲ ಮನ್ನಾ ಎಂದೊಡನೆ ರೈತರು ನೆನಪಾಗುತ್ತಾರೆ. ಅಮೆರಿಕದಲ್ಲಿ ಕೆಲ ವರ್ಷಗಳಿಂದ ಆ ಮಾತು ಬಂದರೆ ನೆನಪಾಗುವವರು ಪದವೀಧರರು. ಅಲ್ಲಿನ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಟ್ಟಿರುವ ಸಾಲದ ಮೊತ್ತ ಸುಮಾರು 1.6 ಲಕ್ಷ ಕೋಟಿ ಡಾಲರ್. ಸಾಲಗಾರರು ನಾಲ್ಕು ಕೋಟಿಗೂ ಹೆಚ್ಚು. ಇಲ್ಲಿಂದ ಎಂ.ಎಸ್. ಮಾಡಲು ಹೋಗುವವರಿಗೆ ಆ ಸರ್ಕಾರಿ ಸಾಲ ಸಿಗುವುದಿಲ್ಲ, ಅವರದು ಹೆಚ್ಚಾಗಿ ನಮ್ಮ ಬ್ಯಾಂಕುಗಳ ಸಾಲವೇ. ಆದರೂ ಕಾನೂನು ವಿದ್ಯಾರ್ಥಿಯಾದ ನನಗೆ 2023ರ ಜೂನ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ‘ಬೈಡನ್ ವರ್ಸಸ್ ನೆಬ್ರಾಸ್ಕ’ ತೀರ್ಪು ಬಿಡದೆ ಕಾಡಿತು.

ಹಿನ್ನೆಲೆ ಸರಳ. 2022ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೋ ಬೈಡನ್ ಒಂದು ಯೋಜನೆ ಪ್ರಕಟಿಸಿದರು. ವಾರ್ಷಿಕ ಆದಾಯ 1.25 ಲಕ್ಷ ಡಾಲರ್‌ಗಿಂತ ಕಡಿಮೆ ಇರುವವರಿಗೆ 10,000 ಡಾಲರ್‌ವರೆಗೆ ಸಾಲ ಮನ್ನಾ. ಬಡ ಕುಟುಂಬದ ವಿದ್ಯಾರ್ಥಿಗಳಿಗೆ ಸಿಗುವ ‘ಪೆಲ್ ಗ್ರಾಂಟ್’ ಪಡೆದಿದ್ದವರಿಗೆ 20,000 ಡಾಲರ್‌ವರೆಗೆ. ಅರ್ಜಿ ಹಾಕಿದವರು, ಇಲಾಖೆಯ ಬಳಿ ಮೊದಲೇ ಮಾಹಿತಿ ಇದ್ದವರು ಸೇರಿ ಸುಮಾರು 2.6 ಕೋಟಿ ಜನ ಸಾಲಿನಲ್ಲಿ ನಿಂತರು. ಸುಮಾರು 1.6 ಕೋಟಿ ಜನರಿಗೆ ಒಪ್ಪಿಗೆಯೂ ಸಿಕ್ಕಿತ್ತು. ಕೋರ್ಟ್ 6–3 ಬಹುಮತದಿಂದ ಯೋಜನೆಯನ್ನು ರದ್ದು ಮಾಡಿತು. ಈ ಯೋಜನೆಯಡಿ ಒಂದು ಡಾಲರ್ ಕೂಡ ಮನ್ನಾ ಆಗಲಿಲ್ಲ.

ಬೈಡನ್ ಸರ್ಕಾರ ಆಧಾರವಾಗಿ ಹಿಡಿದಿದ್ದು 2003ರ ‘ಹೀರೋಸ್’ ಕಾಯ್ದೆಯನ್ನು. ಯುದ್ಧ ಅಥವಾ ರಾಷ್ಟ್ರೀಯ ತುರ್ತು ಸ್ಥಿತಿಯಲ್ಲಿ ಸಾಲಗಾರರಿಗೆ ಹೊಡೆತ ಬೀಳದಂತೆ ನಿಯಮಗಳನ್ನು ಕೈಬಿಡುವ ಅಥವಾ ಮಾರ್ಪಡಿಸುವ ಅಧಿಕಾರವನ್ನು ಅದು ಶಿಕ್ಷಣ ಕಾರ್ಯದರ್ಶಿಗೆ ಕೊಡುತ್ತದೆ. 2020ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ಕಂತು ಮತ್ತು ಬಡ್ಡಿಗೆ ತಡೆ ಕೊಟ್ಟಿದ್ದೂ ಇದೇ ಕಾಯ್ದೆಯ ಬಲದಿಂದ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹೇಳಿದ್ದೇನೆಂದರೆ, ಮಾರ್ಪಾಡು ಎಂದರೆ ಸಣ್ಣಪುಟ್ಟ ಬದಲಾವಣೆ. ಸುಮಾರು 40,000 ಕೋಟಿ ಡಾಲರ್ ಹೊರೆ ಬೀಳುವ ಕೆಲಸಕ್ಕೆ ಸಂಸತ್ತಿನ ಸ್ಪಷ್ಟ ಅನುಮತಿ ಬೇಕು. ‘ಮೇಜರ್ ಕ್ವೆಶ್ಚನ್ಸ್’ ಎಂದು ಕರೆಯುವ ಈ ಸಿದ್ಧಾಂತದ ಹೆಸರನ್ನು ಕೋರ್ಟಿನ ಬಹುಮತ ನೇರವಾಗಿ ಎತ್ತಿದ್ದೇ 2022ರಲ್ಲಿ, ಹವಾಮಾನಕ್ಕೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ.

ಇದಕ್ಕಿಂತ ವಿಚಿತ್ರವಾದ ಪ್ರಶ್ನೆ ಇನ್ನೊಂದಿದೆ. ಯಾರದೋ ಸಾಲ ಮನ್ನಾ ಆದರೆ ನಷ್ಟ ಯಾರಿಗೆ? ಅಮೆರಿಕದಲ್ಲಿ ನಷ್ಟವಾಗದವರು ಕೋರ್ಟಿನ ಬಾಗಿಲು ತಟ್ಟುವಂತಿಲ್ಲ. ನಮ್ಮ ಹಾಗೆ ಯಾರು ಬೇಕಾದರೂ ಪಿಐಎಲ್ ಹಾಕುವ ಪದ್ಧತಿ ಅಲ್ಲಿಲ್ಲ. ದಾವೆ ಹೂಡಿದ್ದು ರಿಪಬ್ಲಿಕನ್ ಹಿಡಿತದ ಆರು ರಾಜ್ಯಗಳು. ಅವುಗಳಲ್ಲಿ ಮಿಸ್ಸೌರಿಗೆ ಒಂದು ಎಳೆ ಸಿಕ್ಕಿತು. ಆ ರಾಜ್ಯ ಹುಟ್ಟುಹಾಕಿದ ಮೊಹೆಲಾ ಎಂಬ ಸಂಸ್ಥೆ ಕೇಂದ್ರದ ಪರವಾಗಿ ಸಾಲದ ಖಾತೆಗಳನ್ನು ನೋಡಿಕೊಳ್ಳುತ್ತದೆ. ಖಾತೆಗಳು ಮುಚ್ಚಿದರೆ ಅದಕ್ಕೆ ವರ್ಷಕ್ಕೆ ಸುಮಾರು 4.4 ಕೋಟಿ ಡಾಲರ್ ಶುಲ್ಕ ಕೈತಪ್ಪುತ್ತದಂತೆ. ಹಾಗಾದರೆ ಮೊಹೆಲಾ ತಾನೇ ದಾವೆ ಹೂಡಬಹುದಿತ್ತು, ಅದಕ್ಕೆ ಆ ಅಧಿಕಾರವೂ ಇತ್ತು. ಅದು ಹೂಡಲಿಲ್ಲ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಕೈಯಿಟ್ಟದ್ದು ಇಲ್ಲೇ: ಈ ಪ್ರಕರಣ ಕೋರ್ಟಿನ ಮುಂದೆ ಬರಲೇಬಾರದಿತ್ತು. ಎರಡೂ ತೀರ್ಪುಗಳನ್ನು ಓದಿದ ಮೇಲೆ ನನಗೆ ಕೇಗನ್ ವಾದವೇ ಗಟ್ಟಿ ಅನಿಸಿತು. ನ್ಯಾಯಾಂಗ ಸಂಯಮದ ಬಗ್ಗೆ ಸದಾ ಪಾಠ ಹೇಳುವವರು, ಬೇಕಾದಾಗ ಇಷ್ಟು ತೆಳುವಾದ ಎಳೆ ಹಿಡಿದು ಒಳಗೆ ಬರುತ್ತಾರೆ.

ಆದರೆ ವಾದ ಗಟ್ಟಿಯಾಗಿದ್ದರೆ ಸಾಲದು, ಪೀಠದಲ್ಲಿ ಐದು ಮತ ಬೇಕು. ಆ ಮತಗಳ ಲೆಕ್ಕ ಬರೆದಿದ್ದು ತೀರ್ಪಿಗೆ ಏಳು ವರ್ಷ ಮೊದಲು. 2016ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಒಬಾಮ ಮಾರ್ಚ್‌ನಲ್ಲಿ ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದರು. ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್, ಇದು ಚುನಾವಣಾ ವರ್ಷ, ಜನರೇ ತೀರ್ಮಾನಿಸಲಿ ಎಂದು ವಿಚಾರಣೆಯನ್ನೇ ನಡೆಸಲಿಲ್ಲ. ಕುರ್ಚಿ ಖಾಲಿ ಉಳಿಯಿತು. ಆ ವರ್ಷದ ಚುನಾವಣೆಯಲ್ಲಿ ಟ್ರಂಪ್ ಹಿಲರಿ ಕ್ಲಿಂಟನ್ ಅವರಿಗಿಂತ ಸುಮಾರು 28 ಲಕ್ಷ ಮತ ಕಡಿಮೆ ಪಡೆದೂ ಗೆದ್ದರು, ನೀಲ್ ಗೋರ್ಸಚ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದರು. 2020ರ ಸೆಪ್ಟೆಂಬರ್ 18ರಂದು ರುತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡಾಗ ಚುನಾವಣೆಗೆ ಏಳು ವಾರವೂ ಇರಲಿಲ್ಲ. ಈಗ ‘ಜನರೇ ತೀರ್ಮಾನಿಸಲಿ’ ಎಂಬ ಮಾತು ಯಾರಿಗೂ ನೆನಪಾಗಲಿಲ್ಲ. ಮತದಾನಕ್ಕೆ ಎಂಟು ದಿನ ಇರುವಾಗ ಆಮಿ ಕೋನಿ ಬ್ಯಾರೆಟ್ ನೇಮಕಕ್ಕೆ 52–48ರಿಂದ ಒಪ್ಪಿಗೆ ಸಿಕ್ಕಿತು. ಈ ಎರಡು ಕುರ್ಚಿಗಳಲ್ಲಿ ಬೇರೆಯವರಿದ್ದಿದ್ದರೆ 6–3 ಎಂಬುದು 4–5 ಆಗಬಹುದಿತ್ತು. ನಮ್ಮ ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ. ಅಲ್ಲಿ ನಿವೃತ್ತಿ ವಯಸ್ಸೇ ಇಲ್ಲ, ನೇಮಕವಾದಾಗ ಬ್ಯಾರೆಟ್‌ಗೆ 48.

ಡೆಮಾಕ್ರಟರ ಪರ ಅನುಕಂಪ ಇರುವವರು ಇಲ್ಲಿಗೆ ಕಥೆ ನಿಲ್ಲಿಸಿಬಿಡುತ್ತಾರೆ. ನಾನು ನಿಲ್ಲಿಸಲಾರೆ. ದಿವಾಳಿ ಅರ್ಜಿ ಹಾಕಿದರೂ ವಿದ್ಯಾರ್ಥಿ ಸಾಲದಿಂದ ಪಾರಾಗುವುದು ಅಲ್ಲಿ ಬಹಳ ಕಷ್ಟ. ಖಾಸಗಿ ಶಿಕ್ಷಣ ಸಾಲಗಳಿಗೂ ಆ ಬಿಗಿಯನ್ನು ವಿಸ್ತರಿಸಿದ್ದು 2005ರ ಕಾಯ್ದೆ, ಅದರ ಪರ ಮತ ಹಾಕಿದ ಸೆನೆಟರ್‌ಗಳಲ್ಲಿ ಬೈಡನ್ ಒಬ್ಬರು! 2014ರವರೆಗೆ ಸೆನೆಟ್ ಡೆಮಾಕ್ರಟರ ಕೈಯಲ್ಲಿತ್ತು. 80 ದಾಟಿದ್ದ ಗಿನ್ಸ್‌ಬರ್ಗ್ ಆಗಲೇ ನಿವೃತ್ತಿಯಾಗಲಿ ಎಂದು ಎಡಪಂಥೀಯರೇ ಕೆಲವರು ಬಹಿರಂಗವಾಗಿ ಕೇಳಿಕೊಂಡಿದ್ದರು, ಅವರು ಒಪ್ಪಲಿಲ್ಲ. ಇನ್ನು, ಸಾಲ ಮನ್ನಾ ಅಧ್ಯಕ್ಷರ ಅಧಿಕಾರವಲ್ಲ, ಅದಕ್ಕೆ ಸಂಸತ್ತಿನ ಕಾಯ್ದೆ ಬೇಕು ಎಂದು 2021ರಲ್ಲಿ ಹೇಳಿದ್ದು ಡೆಮಾಕ್ರಟರದೇ ಸ್ಪೀಕರ್ ನ್ಯಾನ್ಸಿ ಪೆಲೋಸಿ. ರಾಬರ್ಟ್ಸ್ ಆ ಮಾತನ್ನು ಹೆಕ್ಕಿ ತಂದು ತೀರ್ಪಿನಲ್ಲೇ ಹಾಕಿದರು. ಕೊರೊನಾ ಕಾಲದಲ್ಲಿ ಕಂಪನಿಗಳಿಗೆ ಕೊಟ್ಟ ಸುಮಾರು 80,000 ಕೋಟಿ ಡಾಲರ್ ‘ಪಿಪಿಪಿ’ ಸಾಲದ ಬಹುಪಾಲು ಸದ್ದಿಲ್ಲದೆ ಮನ್ನಾ ಆಯಿತು. ಮಾಲೀಕರಿಗೆ ಸಿಕ್ಕಿದ್ದು ವಿದ್ಯಾರ್ಥಿಗಳಿಗೆ ಯಾಕಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾಲೀಕರಿಗೆ ಸಂಸತ್ತು ಅದನ್ನು ಕಾಯ್ದೆಯಲ್ಲೇ ಬರೆದುಕೊಟ್ಟಿತ್ತು. ವಿದ್ಯಾರ್ಥಿಗಳಿಗಾಗಿ ಬರೆಯುವಷ್ಟು ಮತ ಸೆನೆಟ್‌ನಲ್ಲಿ ಇರಲಿಲ್ಲ.

2023ರ ಅಕ್ಟೋಬರ್‌ನಿಂದ ಕಂತು ಕಟ್ಟುವುದು ಮತ್ತೆ ಶುರುವಾಯಿತು. ಬೈಡನ್ ಬೇರೆ ಬೇರೆ ಹಳೆಯ ಯೋಜನೆಗಳ ದಾರಿಯಲ್ಲಿ, ಅಧಿಕಾರ ಬಿಡುವ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಜನರ ಸಾಲ ಮನ್ನಾ ಮಾಡಿದರು. ಆದಾಯಕ್ಕೆ ತಕ್ಕ ಕಂತು ನಿಗದಿ ಮಾಡುವ ‘ಸೇವ್’ ಎಂಬ ಹೊಸ ಯೋಜನೆಯನ್ನೂ ತಂದರು. 2024ರಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯವೊಂದು ಅದಕ್ಕೂ ತಡೆ ಕೊಟ್ಟಿತು. ದಾವೆ ಹೂಡಿದ್ದು ಮತ್ತೆ ಮಿಸ್ಸೌರಿ ಮತ್ತು ಜೊತೆಗಾರ ರಾಜ್ಯಗಳು, ಮುಂದಿಟ್ಟಿದ್ದು ಮತ್ತೆ ಮೊಹೆಲಾದ ಶುಲ್ಕ.