ಗೋಕಾಕದ ಗೊಂಬೆಗೊಂದು ಆಟ ಬೇಕು

ನಲವತ್ತು ದಾಟಿದ ಗೃಹಸ್ಥನೊಬ್ಬ ಗೊಂಬೆಗಳನ್ನು ಸಂಗ್ರಹಿಸುತ್ತಾನೆ ಎಂದರೆ ನಮ್ಮ ಸಮಾಜ ಅವನನ್ನು ತುಸು ಅನುಮಾನದಿಂದಲೇ ನೋಡುತ್ತದೆ. ಅಂಚೆಚೀಟಿ, ಹಳೆಯ ನಾಣ್ಯ ಕೂಡಿಡುವವನು ಅಭಿರುಚಿಯುಳ್ಳವನು. ಗೊಂಬೆ ಕೂಡಿಡುವವನು ಇನ್ನೂ ಬೆಳೆಯದವನು. ಅದರಲ್ಲೂ ವಿಡಿಯೋ ಗೇಮಿನ ಪಾತ್ರಗಳ ಗೊಂಬೆಗಳಾದರೆ ಕೇಳುವುದೇ ಬೇಡ. ನಾನು ಈ ಕೊನೆಯ ವರ್ಗಕ್ಕೆ ಸೇರಿದವನು. ನನ್ನ ಪುಸ್ತಕದ ಕಪಾಟಿನ ಒಂದು ಅಂಕಣದಲ್ಲಿ ಕೆಂಪು ಟೋಪಿಯ ಮಾರಿಯೋ, ಹಸಿರು ಅಂಗಿಯ ಲಿಂಕ್, ಅವನದೇ ತೋಳದ ರೂಪ, ಹೀಗೆ ಹತ್ತಾರು ಅಂಗೈಯಗಲದ ಪ್ಲಾಸ್ಟಿಕ್ ಮೂರ್ತಿಗಳಿವೆ. ಅವುಗಳ ಪಕ್ಕದಲ್ಲೇ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಗೋಕಾಕದ ಮರದ ಹಣ್ಣುಗಳಿವೆ: ಮಾವು, ಬಾಳೆ, ಸೀತಾಫಲ, ಒಂದು ಹಾಗಲಕಾಯಿ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ವರ್ಷಗಟ್ಟಲೆ ನೋಡಿದ ಮೇಲೆ ಹುಟ್ಟಿದ ಒಂದು ವಿಚಾರವನ್ನು ಓದುಗರ ಮುಂದಿಡಬೇಕೆನಿಸಿದೆ.

ಮಾರಿಯೋ ನನಗೆ ಪರಿಚಯವಾದದ್ದು 1990ರ ದಶಕದ ನಡುವಿನಲ್ಲಿ, ಹುಕ್ಕೇರಿಯಲ್ಲಿ. ಗಂಟೆಗೆ 5 ರೂಪಾಯಿ ತೆತ್ತರೆ ಟಿವಿಗೆ ಜೋಡಿಸಿದ ಯಂತ್ರದ ಮುಂದೆ ಕೂರಲು ಬಿಡುತ್ತಿದ್ದ ಒಂದು ಸಣ್ಣ ಅಂಗಡಿಯಿತ್ತು. ಯಂತ್ರ ಅಸಲಿಯಲ್ಲ, ಅಗ್ಗದ ನಕಲು. ಜಪಾನಿನಲ್ಲಿ ಆ ಆಟ ಬಂದು ಆಗಲೇ ದಶಕ ಕಳೆದಿತ್ತು (1985). ಆದರೆ ಆ ಪುಟ್ಟ ಮನುಷ್ಯನನ್ನು ಹೊಂಡದಿಂದ ಹೊಂಡಕ್ಕೆ ಹಾರಿಸಿದ ಬೆರಳುಗಳು ನಮ್ಮವೇ, ಅವನು ಬಿದ್ದಾಗ ನಿಟ್ಟುಸಿರಿಟ್ಟವರೂ ನಾವೇ. ಇಂದು ಅವನ ಗೊಂಬೆಗೆ ನಾನು ಹಣ ಕೊಡುವುದು ಅದರ ಪ್ಲಾಸ್ಟಿಕ್ಕಿಗಾಗಿ ಅಲ್ಲ, ಬಣ್ಣದ ನಾಜೂಕಿಗೂ ಅಲ್ಲ. ಅವನೊಡನೆ ನಾನು ಆಡಿದ್ದೇನೆ ಎಂಬ ಒಂದೇ ಕಾರಣಕ್ಕಾಗಿ. ಈ ಸತ್ಯ ಉದ್ಯಮಕ್ಕೂ ಚೆನ್ನಾಗಿ ಗೊತ್ತು. 2011ರಲ್ಲಿ ಅಮೆರಿಕದ ಕಂಪೆನಿಯೊಂದು ‘ಸ್ಕೈಲ್ಯಾಂಡರ್ಸ್’ ಎಂಬ ಆಟದಲ್ಲಿ ಗೊಂಬೆಯನ್ನು ಪೀಠದ ಮೇಲಿಟ್ಟರೆ ಅದೇ ಪಾತ್ರ ತೆರೆಯ ಮೇಲೆ ಜೀವ ತಳೆಯುವಂತೆ ಮಾಡಿತು. 2014ರಲ್ಲಿ ನಿಂಟೆಂಡೊ ತನ್ನ ‘ಅಮೀಬೊ’ ಗೊಂಬೆಗಳ ತಳದಲ್ಲಿ ಒಂದು ಚಿಕ್ಕ ಚಿಪ್ ಅಡಗಿಸಿತು. ನನ್ನಲ್ಲಿರುವ ತೋಳವನ್ನು ನಿಯಂತ್ರಕಕ್ಕೆ ತಾಗಿಸಿದರೆ 2017ರ ‘ಜೆಲ್ಡಾ’ ಆಟದಲ್ಲಿ ತೋಳವೊಂದು ಎಲ್ಲಿಂದಲೋ ಬಂದು ನಾಯಕನ ಜೊತೆಗಾರನಾಗುತ್ತದೆ. ವಯಸ್ಸಿನ ಹಂಗಿಲ್ಲದೆ ಹೇಳುತ್ತೇನೆ, ಮೊದಲ ಸಲ ಅದು ಬಂದಾಗ ಆದ ರೋಮಾಂಚನ ಸಣ್ಣದಲ್ಲ.

ಈಗ ಪಕ್ಕದ ಬುಟ್ಟಿಗೆ ಬರೋಣ. ಗೋಕಾಕ ಎಂದರೆ ಹೊರಗಿನವರಿಗೆ ಜಲಪಾತ, ಗಿರಣಿ ಮತ್ತು ಕರದಂಟು. 1908ರಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರ್ ಮಾತ್ರ ಈ ಊರಿನ ಇನ್ನೊಂದು ಹೆಗ್ಗಳಿಕೆಯನ್ನು ಗುರುತಿಸಿದೆ. ಹಗುರವಾದ ಮರದಿಂದಲೂ ಸುತ್ತಮುತ್ತ ಸಿಗುವ ಒಂದು ವಿಶಿಷ್ಟ ಮಣ್ಣಿನಿಂದಲೂ ಇಲ್ಲಿ ಮನುಷ್ಯಾಕೃತಿಗಳನ್ನು, ಹಣ್ಣುಗಳ ಪ್ರತಿರೂಪಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು ಎನ್ನುತ್ತದೆ ಅದು. ಇಂದು ಆ ಕಸುಬು ಕೆಲವೇ ಮನೆತನಗಳಲ್ಲಿ ಉಸಿರಾಡುತ್ತಿದೆ. ಕಾರಣ ಕೇಳಿದರೆ ಸಿದ್ಧ ಉತ್ತರಗಳಿವೆ: ಚೀನಾದ ಅಗ್ಗದ ಮಾಲು, ಮರದ ಅಭಾವ, ಮಕ್ಕಳ ಮೊಬೈಲ್ ಗೀಳು. ಇವೆಲ್ಲ ಸುಳ್ಳೆಂದು ನಾನು ಹೇಳಲಾರೆ. ಆದರೆ ಮೊಬೈಲಿನಲ್ಲಿ ಮುಳುಗಿದ ಅದೇ ತಲೆಮಾರು ಸಾವಿರಾರು ರೂಪಾಯಿ ಕೊಟ್ಟು ಗೊಂಬೆ ಕೊಳ್ಳುತ್ತಿದೆಯಲ್ಲ! ಚಿಪ್ಸ್ ಪೊಟ್ಟಣದೊಳಗಿನ ಪೋಕೆಮಾನ್ ಬಿಲ್ಲೆಗಳಿಗಾಗಿ ಜಗಳವಾಡಿದ ಮಕ್ಕಳೇ ಇಂದು ಸಂಬಳ ಎಣಿಸುತ್ತ ಪಿಕಾಚುವನ್ನು ಮೇಜಿನ ಮೇಲೆ ಕೂರಿಸಿಕೊಂಡಿದ್ದಾರೆ. ಗೊಂಬೆಯ ಹಸಿವು ಇಂಗಿಲ್ಲ. ಗೋಕಾಕದ ಮಾವಿನ ಹಣ್ಣು ಎಷ್ಟೇ ನೈಜವಾಗಿರಲಿ, ಅದರೊಡನೆ ಯಾರೂ ಆಡಿಲ್ಲ, ಅದಕ್ಕೊಂದು ಕತೆಯಿಲ್ಲ ಎಂಬುದೇ ನನ್ನ ಮಟ್ಟಿಗೆ ಮೂಲ ತೊಡಕು. ಅದನ್ನು ನಾವು ನೆಂಟರಿಗೆ ಉಡುಗೊರೆ ಕೊಟ್ಟೆವು, ಅವರು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಇದು ನಮ್ಮ ಪರಂಪರೆಗೇ ಹೊರತಾದ ರೀತಿ ಎಂಬುದನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಗೊಂಬೆ ಎಂದೂ ಸುಮ್ಮನೆ ಕೂತದ್ದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದ ಎತ್ತು ಮಾಡುತ್ತಾರೆ, ಪೂಜಿಸುತ್ತಾರೆ. ಮರುದಿನ ಹುಡುಗರು ಅದೇ ಎತ್ತು ಕುಂಟಾಯಿತೆಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿ ಅಂಟಿಸಿ ಸಿಂಗರಿಸುತ್ತಾರೆ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭಾದ್ರಪದದ ಜೋಕುಮಾರನಂತೂ ಏಳು ದಿನಗಳ ಆಯುಸ್ಸಿನಲ್ಲಿ ಬುಟ್ಟಿಯಲ್ಲಿ ಕುಳಿತು ಊರೆಲ್ಲ ಸುತ್ತಿ, ಹಾಡಿಸಿಕೊಂಡು, ಕೊನೆಗೆ ಸಾಯುತ್ತಾನೆ. ಪಾತ್ರ, ಕತೆ, ನಿಯಮ, ಹಂತ, ಅಂತ್ಯ: ವಿಡಿಯೋ ಗೇಮ್ ತಯಾರಕರು ಹಗಲಿರುಳು ತಲೆ ಕೆಡಿಸಿಕೊಳ್ಳುವ ಅಂಶಗಳೆಲ್ಲ ಆ ಬುಟ್ಟಿಯೊಳಗಿವೆ. ಮಗು ಗೊಂಬೆಯನ್ನು ಪ್ರೀತಿಸುತ್ತಿದ್ದುದು ಅದು ಬಾಳಿಕೆ ಬರುತ್ತದೆಂದಲ್ಲ. ಬರುವ ವರ್ಷ ಮತ್ತೆ ಆಡಬಹುದೆಂದು.

ಕತೆಗೂ ಆ ಸೀಮೆಯಲ್ಲಿ ಬರವಿರಲಿಲ್ಲ. 2018ರ ಸುಮಾರಿಗೆ ಗೋಕಾಕದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಮೂಡಲಗಿಯನ್ನೇ ತೆಗೆದುಕೊಳ್ಳಿ. ಶ್ರೀಕೃಷ್ಣ ಪಾರಿಜಾತಕ್ಕೆ ರಂಗರೂಪ ಕೊಟ್ಟ ತಮ್ಮಣ್ಣನ ಊರಾದ ಕುಲಗೋಡ ಇರುವುದು ಅಲ್ಲಿಯೇ. ಆ ಆಟದಲ್ಲಿ ಮನೆಮಾತಾದ ನಿಂಗಮ್ಮನ ಕೌಜಲಗಿಯೂ ಇದೇ ನೆರೆಯದು. ನಾರದ ತಂದ ಒಂದೇ ಒಂದು ಹೂವು, ಅದು ರುಕ್ಮಿಣಿಯ ಮುಡಿಗೇರಿದ ಸುದ್ದಿ, ಸತ್ಯಭಾಮೆಯ ಮುನಿಸು, ಕೊರವಂಜಿಯ ವೇಷದಲ್ಲಿ ಬರುವ ಕೃಷ್ಣ, ಎಲ್ಲರ ಕಾಲೆಳೆಯುವ ಭಾಗವತ. ಬೆಳಗಿನವರೆಗೆ ಜನ ಎದ್ದು ಕೂತು ನೋಡಿದ ಪಾತ್ರಗಳಿವು. ಒಂದೇ ಪಾತ್ರ ವೇಷ ಬದಲಿಸಿ ಬರುವುದು, ಕಳೆದುಕೊಂಡ ವಸ್ತುವಿಗಾಗಿ ಹಟ ಹಿಡಿಯುವುದು. ಇವು ಆಟಕ್ಕೆ ಒಗ್ಗದ ವಸ್ತುಗಳೇ? ಆದರೂ ಗೋಕಾಕದ ಸತ್ಯಭಾಮೆಯ ಗೊಂಬೆಯೊಂದನ್ನು ನಾನು ಇದುವರೆಗೆ ಅಂಗಡಿಯಲ್ಲಿ ಕಂಡಿಲ್ಲ. ಹಾಗಲಕಾಯಿ ಮಾತ್ರ ಪ್ರತಿ ಸಲವೂ ಸಿಗುತ್ತದೆ.

ಹುಕ್ಕೇರಿಯ ಕತೆ ಇನ್ನೂ ಸ್ವಾರಸ್ಯಕರ. ಆ ತಾಲ್ಲೂಕಿನ ಹತ್ತರಗಿಯ ಬಳಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ಅದೇ ಸಂಸ್ಥೆ ಆಟಿಕೆಗಳ ತಯಾರಿಕೆಗೂ ಇಳಿದು, ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಹಾಕಿಸಿತು. ಅದೇ ಜಿಲ್ಲೆಯಲ್ಲಿ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರ ಗೊಂಬೆಗಳಿಗೆ 2012ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರಕಿತು. ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿತು. ಕೈಗಳಿಗೆ ಕೆಲಸ ಸಿಗುವುದಾದರೆ ಇದನ್ನು ಸ್ವಾಗತಿಸದೆ ಇರುವುದು ತಪ್ಪಾದೀತು. ಆದರೆ ದೊಡ್ಡ ಕಾರ್ಖಾನೆಗಳು ಎರಕ ಹೊಯ್ಯುವುದು ಹೆಚ್ಚಾಗಿ ಪರದೇಶದ ಬ್ರ್ಯಾಂಡುಗಳಿಗಾಗಿ. ಗೊಂಬೆಯ ಬೆಲೆಯಲ್ಲಿ ಕೂಲಿಯ ಪಾಲು ಎಲ್ಲಿ, ಪಾತ್ರದ ಒಡೆತನದ ಪಾಲು ಎಲ್ಲಿ! ಸುಂಕದ ಗೋಡೆ ಪ್ಲಾಸ್ಟಿಕ್ಕನ್ನು ತಡೆದೀತು. ಪಾತ್ರಗಳು ಗೋಡೆ ಹಾರಿ ಆಗಲೇ ನಮ್ಮ ಮನೆಯೊಳಗೆ ಬಂದಿವೆ. ನನ್ನ ಕಪಾಟೇ ಅದಕ್ಕೆ ಸಾಕ್ಷಿ.

ನಿಂಟೆಂಡೊ ಹುಟ್ಟಿದ್ದು ವಿದ್ಯುನ್ಮಾನ ಕಂಪೆನಿಯಾಗಿ ಅಲ್ಲ. 1889ರಲ್ಲಿ ಕ್ಯೋಟೊ ನಗರದಲ್ಲಿ ಹಿಪ್ಪುನೇರಳೆ ಜಾತಿಯ ಮರದ ತೊಗಟೆಯ ಕಾಗದದಿಂದ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ಕೈಯಿಂದಲೇ ಮಾಡುತ್ತಿದ್ದ ಅಂಗಡಿಯದು. ಹೆಚ್ಚುಕಡಿಮೆ ಅದೇ ಕಾಲದ ಗೋಕಾಕದಲ್ಲಿ ಗೊಂಬೆಯ ಜೊತೆಗೆ ಕಾಗದವೂ ತಯಾರಾಗುತ್ತಿತ್ತೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಮಾರಿಯೋ, ಜೆಲ್ಡಾಗಳ ಜನಕ ಶಿಗೆರು ಮಿಯಾಮೊಟೊ ಬೆಳೆದದ್ದು ಕ್ಯೋಟೊ ಸಮೀಪದ ಸೊನೊಬೆ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲಿ ಅಲ್ಲಿನ ಗುಡ್ಡ, ಗವಿಗಳಲ್ಲಿ ಅಲೆದದ್ದೇ ಮುಂದೆ ಜೆಲ್ಡಾ ಆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಘಟಪ್ರಭೆಯ ಕಣಿವೆ, 52 ಮೀಟರ್ ಎತ್ತರದ ಜಲಪಾತ, ಅದರ ಮೇಲಿನ ತೂಗುಸೇತುವೆ ಇರುವ ಊರಿನ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಿಕ್ಕಿದೆಯೇ?

ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಿಂದ ನೀತಿ ರೂಪಿಸುತ್ತ ಬಂದಿದೆ. 2024ರಲ್ಲಿ ಅದರ ಹೊಸ ಆವೃತ್ತಿ ಹೊರಬಂತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೆಳಗಾವಿಯಲ್ಲೇ. ಆದರೂ ಗೇಮಿಂಗ್ ಎಂದೊಡನೆ ಎಲ್ಲರ ಕಣ್ಣು ಬೆಂಗಳೂರಿನತ್ತ. ಕೋಟಿಗಟ್ಟಲೆ ಬಂಡವಾಳವಿಲ್ಲದೆ ಆಟ ತಯಾರಿಸಲಾಗದು ಎಂಬ ವಾದವೂ ಪೂರ್ತಿ ನಿಜವಲ್ಲ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ‘ರಾಜಿ’ ಎಂಬ ಆಟವನ್ನು ನಮ್ಮ ಪುರಾಣ, ಕೋಟೆಕೊತ್ತಲಗಳ ಆಧಾರದ ಮೇಲೆ ಕಟ್ಟಿ ಹೊರದೇಶಗಳಿಗೂ ಮುಟ್ಟಿಸಿತು. ಪಾರಿಜಾತದ ಐದು ಪಾತ್ರಗಳ ಒಂದು ಪೆಟ್ಟಿಗೆ, ಅದರೊಡನೆ ಮೊಬೈಲಿನಲ್ಲಿ ಆಡಬಹುದಾದ ಅರ್ಧ ಗಂಟೆಯ ಒಂದು ಸರಳ ಆಟ, ಗೊಂಬೆಯನ್ನು ತಾಗಿಸಿದರೆ ತೆರೆಯ ಮೇಲೆ ಸತ್ಯಭಾಮೆ ಬಂದು ಮುಖ ತಿರುಗಿಸುವುದು. ಇಷ್ಟಕ್ಕೆ ಬೇಕಾದ್ದು ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಚಿತ್ರಗಾರ ಕುಟುಂಬ ಮತ್ತು ಪಾರಿಜಾತ ಬಲ್ಲ ಒಬ್ಬ ಹಿರಿಯ ಕಲಾವಿದ.

ಪಾತ್ರವನ್ನು ಪೆಟ್ಟಿಗೆಯಲ್ಲಿ ಮಾರಿದರೆ ಜಾನಪದ ಅಪವಿತ್ರವಾಗುತ್ತದೆ ಎಂದು ಕೆಲವರು ಹೇಳಿಯಾರು. ಟಿಕೆಟ್ಟು ಮಾರಿ ಆಡಿದ ಕಂಪನಿ ನಾಟಕಗಳ ಸೀಮೆಯಲ್ಲಿ ನಿಂತು ಈ ಮಾತಿಗೆ ಉತ್ತರಿಸುವ ಅಗತ್ಯ ನನಗೆ ಕಾಣದು. ಹೆಚ್ಚು ಗಂಭೀರವಾದದ್ದು ಬಣ್ಣದ ಪ್ರಶ್ನೆ. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಸಿಕ್ಕಿದೆ. ಕಪಾಟಿನಲ್ಲಿ ಕೂರುವ ಹಣ್ಣಿಗೆ ಈ ವಿನಾಯಿತಿ ಸಾಕು. ಮಗುವಿನ ಕೈಗೂ ಬಾಯಿಗೂ ಹೋಗುವ ಗೊಂಬೆಗೆ ಸಾಲದು. ಬಣ್ಣದಲ್ಲಿ ಸೀಸವಿಲ್ಲವೆಂದು ತಾಯಿಗೆ ಖಾತ್ರಿಯಾಗಬೇಕು. ಚನ್ನಪಟ್ಟಣದವರು ಅರಗು ಮತ್ತು ಸಸ್ಯಜನ್ಯ ಬಣ್ಣಗಳ ಬಲದಿಂದ ಆ ನಂಬಿಕೆ ಗಳಿಸಿದ್ದಾರೆ. ಗೋಕಾಕದ ಗೊಂಬೆಯ ಬಣ್ಣಕ್ಕೂ ಅಂಥದೊಂದು ಪರೀಕ್ಷೆ ಮಾಡಿಸಿಕೊಡುವ ಖರ್ಚನ್ನು ಜಿಲ್ಲಾಡಳಿತ ಈ ವರ್ಷವೇ ವಹಿಸಿಕೊಳ್ಳಬಹುದು.